ಟನ್ನಿಗೆ ಎಷ್ಟು ಗ್ರಾಂ? ವಯನಾಡಿನಲ್ಲಿ ಮುಳುಗಿ ಕೋಲಾರದಲ್ಲಿ ಎದ್ದ ಚಿನ್ನದ ಕಥೆ

ಮೈಸೂರಿನಿಂದ ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೊರಟವರು ಗೂಡಲೂರಿನಲ್ಲಿ ಒಂದು ಚಹಾ ಕುಡಿದು ಎಡಕ್ಕೆ ತಿರುಗುತ್ತಾರೆ. ಬಲಕ್ಕೆ ಹೋಗುವವರು ಕಡಿಮೆ. ಆ ದಾರಿಯಲ್ಲಿ ನಾಡುಗಾಣಿ ಸಿಗುತ್ತದೆ, ಆಮೇಲೆ ದೇವಾಲ, ಆಮೇಲೆ ಪಂದಲೂರು. ಸುತ್ತ ಚಹಾ ತೋಟ, ಕಾಡು, ಬಿಡದೆ ಸುರಿಯುವ ಮಳೆ. ಈ ಸಣ್ಣ ಊರುಗಳ ಹೆಸರು 1880ರಲ್ಲಿ ಲಂಡನ್ನಿನ ಷೇರು ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಇಲ್ಲಿನ ಕಲ್ಲಿನಲ್ಲಿ ಚಿನ್ನ ಇದೆ ಎಂದು ನಂಬಿ ಎರಡು-ಮೂರು ವರ್ಷಗಳಲ್ಲಿ ಸುಮಾರು 40 ಕಂಪನಿಗಳು ಹುಟ್ಟಿದವು. ಅವುಗಳ ಒಟ್ಟು ಬಂಡವಾಳ ಕಾಗದದ ಮೇಲೆ ಸುಮಾರು 50 ಲಕ್ಷ ಪೌಂಡ್. ಅದರಲ್ಲಿ ದೊಡ್ಡ ಪಾಲು ವಯನಾಡಿನ ಹೆಸರಿನಲ್ಲಿ, ಒಂದಿಷ್ಟು ನಮ್ಮ ಕೋಲಾರದ ಹೆಸರಿನಲ್ಲಿ.

ವಯನಾಡಿನ ಕಂಪನಿಗಳು ಬಂದಷ್ಟೇ ಬೇಗ ಹೋದವು. ಕೋಲಾರವೂ ಹೋಗುವುದರಲ್ಲಿತ್ತು, ಕೂದಲೆಳೆಯಲ್ಲಿ ಉಳಿಯಿತು. ಕೆಜಿಎಫ್ ಕಥೆ ನಮಗೆಲ್ಲ ಗೊತ್ತು. ಅದು ಇಂಥ ಒಂದು ದೊಡ್ಡ ಮುಳುಗಡೆಯಿಂದ ಪಾರಾಗಿ ಬಂದದ್ದು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಎರಡೂ ಕಡೆ ಕಲ್ಲಿನಲ್ಲಿ ನಿಜವಾಗಿಯೂ ಚಿನ್ನ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ವಯನಾಡಿನ ಕಥೆಯನ್ನು ಬರೀ ಮೋಸದ ಕಥೆ ಎಂದು ಹೇಳುವವರು ಜಾಸ್ತಿ. ಒಂದು ಟನ್ ಕಲ್ಲು ಒಡೆದರೆ ಎಷ್ಟು ಗ್ರಾಂ ಸಿಗುತ್ತದೆ, ಅಷ್ಟಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕದಲ್ಲೇ ಎರಡೂ ಊರುಗಳ ಹಣೆಬರಹ ಇತ್ತು.

ತಟ್ಟೆಗೆ ಸಿಗುವ ಚಿನ್ನ, ಒನಕೆಗೆ ಸಿಗುವ ಚಿನ್ನ

ಚಿನ್ನಕ್ಕೆ ಜನ ಮುಗಿಬಿದ್ದರು ಎಂದ ಕೂಡಲೇ ಕಣ್ಣಿಗೆ ಬರುವುದು ಅಮೆರಿಕದ ಕ್ಯಾಲಿಫೋರ್ನಿಯಾ. 1848ರ ಜನವರಿ 24ರಂದು ಸಟರ್ ಎಂಬವರ ಮರದ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರು ಕಂಡವು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಅಲ್ಲಿಗೆ ಬಂದರು. ರೈತರು, ಗುಮಾಸ್ತರು, ಹಡಗು ಬಿಟ್ಟು ಓಡಿಬಂದ ನಾವಿಕರು, ಹೀಗೆ ಎಲ್ಲ ಥರದವರು. ಕೈಯಲ್ಲಿ ಒಂದು ಸಲಿಕೆ, ಒಂದು ತಟ್ಟೆ. 1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲೂ ಇದೇ ಆಯಿತು.

ಅಲ್ಲಿ ಬಡವನೂ ಚಿನ್ನ ತೆಗೆಯಲು ಆದದ್ದು ಯಾಕೆ? ಅಲ್ಲಿ ಮೊದಲು ಸಿಕ್ಕಿದ್ದು ಹೊಳೆ ಚಿನ್ನ. ಬೆಟ್ಟದ ಕಲ್ಲು ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸವೆದು ಪುಡಿಯಾಗುತ್ತದೆ. ನೀರು ಆ ಪುಡಿಯನ್ನು ಹೊತ್ತು ಹೋಗುತ್ತದೆ. ಹಗುರವಾದ ಮರಳು ಮುಂದೆ ಹೋಗುತ್ತದೆ, ಭಾರವಾದ ಚಿನ್ನ ಹೊಳೆಯ ತಿರುವಿನಲ್ಲಿ ಕೆಳಗೆ ಕೂರುತ್ತದೆ. ಒಡೆದು, ಪುಡಿಮಾಡಿ, ಬೇರೆಮಾಡಿ ಒಂದೆಡೆ ಕೂಡಿಡುವ ಕೆಲಸವನ್ನೆಲ್ಲ ಹೊಳೆಯೇ ಪುಕ್ಕಟೆಯಾಗಿ ಮಾಡಿಟ್ಟಿರುತ್ತದೆ. ಮನುಷ್ಯನಿಗೆ ಉಳಿಯುವುದು ತೊಳೆಯುವ ಕೆಲಸ ಮಾತ್ರ. ನಮ್ಮಲ್ಲಿ ಮೊರದಲ್ಲಿ ಅಕ್ಕಿ ಕೇರಿ ಕಲ್ಲು ತೆಗೆಯುತ್ತಾರಲ್ಲ, ಹಾಗೆ.

ನಮ್ಮ ಕಡೆಯೂ ಈ ಕೆಲಸ ಹಳೆಯದೇ. ಗದಗದ ಕಪ್ಪತಗುಡ್ಡದ ಸುತ್ತ, ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮಣ್ಣು ತೊಳೆದು ಚಿನ್ನ ತೆಗೆಯುವವರಿದ್ದರು. ಅವರಿಗೆ ಜಲಗಾರರು ಎಂದೇ ಹೆಸರು. ವಯನಾಡಿನಲ್ಲಿ ಇದೇ ಕೆಲಸವನ್ನು ಕುರುಂಬರು, ಪಣಿಯರು ಮಾಡುತ್ತಿದ್ದರು. ದಿನವೆಲ್ಲ ನೀರಲ್ಲಿ ನಿಂತರೆ ಒಂದೆರಡು ಗುಲಗಂಜಿ ತೂಕ ಸಿಕ್ಕರೂ ಅದು ಅವರ ಆ ದಿನದ ಊಟ. ಆ ಹಳ್ಳಗಳಲ್ಲಿ ಇದ್ದ ಚಿನ್ನ ಅಷ್ಟೇ. ಸಾವಿರಾರು ಜನ ಬಂದು ತಟ್ಟೆ ಹಿಡಿದು ನಿಂತರೆ ಬದುಕುವಷ್ಟು ಇರಲಿಲ್ಲ.

ಉಳಿದದ್ದು ಬೆಟ್ಟದೊಳಗಿನ ಚಿನ್ನ. ಅದು ಬಿಳಿ ಬೆಣಚುಕಲ್ಲಿನ ಪಟ್ಟೆಗಳಲ್ಲಿ ಕೂತಿರುತ್ತದೆ. ಗಣಿಯವರು ಇದನ್ನು ರೀಫ್ ಅನ್ನುತ್ತಾರೆ. ಭೂಮಿಯ ಆಳದ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಹರಿದು, ತನ್ನಲ್ಲಿ ಕರಗಿದ್ದ ಬೆಣಚು ಮತ್ತು ಚಿನ್ನವನ್ನು ಅಲ್ಲೇ ಬಿಟ್ಟು ತಣ್ಣಗಾದಾಗ ಇಂಥ ಪಟ್ಟೆ ಆಗುತ್ತದೆ. ಇದರಿಂದ ಚಿನ್ನ ತೆಗೆಯಬೇಕಾದರೆ ಹೊಳೆ ಮಾಡಿದ ಕೆಲಸವನ್ನೆಲ್ಲ ನಾವೇ ಮಾಡಬೇಕು. ಬಾವಿ ಇಳಿಸಬೇಕು, ಕಲ್ಲು ಸಿಡಿಸಬೇಕು, ಮೇಲೆ ತರಬೇಕು, ಪುಡಿ ಮಾಡಬೇಕು.

ಪುಡಿ ಮಾಡಲು ಆ ಕಾಲದಲ್ಲಿ ಇದ್ದದ್ದು ಸ್ಟಾಂಪ್ ಮಿಲ್ಲು. ದೊಡ್ಡ ಕಬ್ಬಿಣದ ಒನಕೆ, ದೊಡ್ಡ ಕಬ್ಬಿಣದ ಒರಳು, ಕುಟ್ಟಲು ಹಬೆ ಯಂತ್ರ ಅಥವಾ ನೀರಿನ ಚಕ್ರ, ಇಷ್ಟೇ ಅದರ ಕಥೆ. ಸಾಲಾಗಿ ನಿಂತ ಒನಕೆಗಳು ಹಗಲೂ ರಾತ್ರಿ ಕಲ್ಲು ಕುಟ್ಟುತ್ತವೆ. ಹಿಟ್ಟಾದ ಕಲ್ಲು ನೀರಿನ ಜೊತೆ ತಾಮ್ರದ ಹಲಗೆಯ ಮೇಲೆ ಹರಿಯುತ್ತದೆ. ಹಲಗೆಗೆ ಪಾದರಸ ಬಳಿದಿರುತ್ತಾರೆ. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ, ಕಲ್ಲಿನ ಹಿಟ್ಟು ಮುಂದೆ ಹೋಗುತ್ತದೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ.

ಇದು ಸಲಿಕೆ ಹಿಡಿದು ಬಂದವನ ಕೈಲಾಗುವ ಕೆಲಸವಲ್ಲ, ಅಲ್ವಾ? ಇದಕ್ಕೆ ಲಕ್ಷಗಟ್ಟಲೆ ಹಣ ಬೇಕು. ಅದಕ್ಕೇ ಭಾರತದ ಚಿನ್ನದ ಓಟದಲ್ಲಿ ಓಡಿದ್ದು ಜನರಲ್ಲ, ಹಣ. ಓಟ ನಡೆದದ್ದು ಲಂಡನ್ನಿನಲ್ಲಿ.

ಕಾಫಿ ಸತ್ತ ನೆಲದಲ್ಲಿ ಚಿನ್ನದ ಆಸೆ

ವಯನಾಡು ಎಂದರೆ ಇಂದು ನಮಗೆ ಕೇರಳದ ಜಿಲ್ಲೆ. ಚಿನ್ನ ಇದ್ದದ್ದು ಮುಖ್ಯವಾಗಿ ಆಗಿನ ಆಗ್ನೇಯ ವಯನಾಡಿನಲ್ಲಿ, ಅಂದರೆ ಗೂಡಲೂರು, ದೇವಾಲ, ಪಂದಲೂರಿನ ಸುತ್ತ. ಈ ಭಾಗ 1877ರಲ್ಲಿ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. ಈಗ ತಮಿಳುನಾಡಿನಲ್ಲಿದೆ.

ಇಲ್ಲಿ ಚಿನ್ನ ಇದೆ ಎಂದು ಇಂಗ್ಲಿಷರಿಗೆ 1830ರ ಹೊತ್ತಿಗೇ ಗೊತ್ತಿತ್ತು. ಮಲಬಾರಿನ ಕಲೆಕ್ಟರ್ ಶೆಫೀಲ್ಡ್ 1831ರಲ್ಲೇ ಈ ಬಗ್ಗೆ ವರದಿ ಬರೆದಿದ್ದರು. ಅದರಿಂದ ದೊಡ್ಡದೇನೂ ಆಗಲಿಲ್ಲ. ಆಮೇಲೆ ಇಲ್ಲಿಗೆ ಬಂದದ್ದು ಕಾಫಿ. ಕಾಡು ಕಡಿದು ತೋಟ ಮಾಡಿದರು. ತೋಟದ ಜೊತೆ ಆಸ್ಟ್ರೇಲಿಯಾದ ಗಣಿಗಳಲ್ಲಿ ಕೈ ಪಳಗಿದ ಕೆಲವರೂ ಬಂದರು. ತೋಟದ ನಡುವೆ ಎದ್ದು ನಿಂತ ಬೆಣಚುಕಲ್ಲಿನ ಬಂಡೆಗಳನ್ನೂ, ಅವುಗಳ ಪಕ್ಕದಲ್ಲಿ ಹಿಂದಿನವರು ತೋಡಿದ ಹಳೇ ಗುಂಡಿಗಳನ್ನೂ ಅವರು ಗುರುತಿಸಿದರು. 1874ರಲ್ಲಿ ಆಲ್ಫಾ ಎಂಬ ಕಂಪನಿ ಶುರುವಾಯಿತು. ಭಾರತ ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1875ರಲ್ಲಿ ಈ ನೆಲದ ಬಗ್ಗೆ ಒಂದು ಟಿಪ್ಪಣಿ ಪ್ರಕಟಿಸಿದರು. ಆಲ್ಫಾ ಕಂಪನಿಗೆ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ.

ಅಷ್ಟರಲ್ಲಿ ಕಾಫಿಗೆ ಕಷ್ಟ ಬಂತು. ಕಾಂಡ ಕೊರೆಯುವ ಹುಳದ ಕಾಟ ಮೊದಲೇ ಇತ್ತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿದ ಎಲೆ ತುಕ್ಕು ರೋಗ ಬೇಗನೇ ದಕ್ಷಿಣ ಭಾರತಕ್ಕೂ ಹರಡಿತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈ ಎರಡು ಹೆಸರು ಕೇಳಿದರೆ ಇವತ್ತಿಗೂ ನಿದ್ದೆ ಬರುವುದಿಲ್ಲ. ವಯನಾಡಿನಲ್ಲಿ ತೋಟಕ್ಕೆ ತೋಟವೇ ಬೋಳಾಯಿತು. ಸಾಲ ಮಾಡಿ ಗಿಡ ನೆಟ್ಟವರು ನೆಲ ಮಾರಲು ಕಾದು ಕೂತಿದ್ದರು, ಕೊಳ್ಳುವವರಿರಲಿಲ್ಲ.

ಇಂಥ ಹೊತ್ತಿನಲ್ಲಿ ಭಾರತ ಸರ್ಕಾರ ಆಸ್ಟ್ರೇಲಿಯಾದಿಂದ ರಾಬರ್ಟ್ ಬ್ರೋ ಸ್ಮಿತ್ ಅವರನ್ನು ಕರೆಸಿತು. ಅವರು ವಿಕ್ಟೋರಿಯಾದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದವರು. ಹೆಸರಿಗೆ ತೂಕ ಇತ್ತು. 1879ರಲ್ಲಿ ಬಂದು, ಬೆಟ್ಟ ಹತ್ತಿ ಇಳಿದು, ಕಲ್ಲಿನ ಮಾದರಿ ಪರೀಕ್ಷಿಸಿ, 1880ರಲ್ಲಿ ವರದಿ ಕೊಟ್ಟರು. ಸುಮಾರು 25 ಮೈಲಿ ಉದ್ದ, 13 ಮೈಲಿ ಅಗಲದ ಜಾಗದಲ್ಲಿ 90ರಷ್ಟು ಕಡೆ ರೀಫ್ ನೆಲದ ಮೇಲೇ ಕಾಣುತ್ತದೆ ಎಂದು ಬರೆದರು. ಕೆಲವು ಮಾದರಿಗಳಲ್ಲಿ ಚಿನ್ನ ಬಹಳ ಜೋರಾಗಿ ಬಂದಿತ್ತು. ಇಲ್ಲಿ ಗಣಿ ಕೆಲಸಕ್ಕೆ ಒಳ್ಳೆಯ ಭವಿಷ್ಯ ಇದೆ ಎಂಬುದು ಅವರ ಮಾತಿನ ತಿರುಳು.

ವರದಿ ಪೂರ್ತಿ ಕೈಸೇರುವ ಮೊದಲೇ ಸುದ್ದಿ ಲಂಡನ್ನಿಗೆ ಹಾರಿತ್ತು. 1879ರ ಕೊನೆಯಿಂದಲೇ ಕಂಪನಿಗಳು ಹುಟ್ಟಲು ಶುರುವಾದವು.

ಹಣ ಹೇಗೆ ಹರಿಯಿತು

ಇದು ನನಗೆ ಇಡೀ ಕಥೆಯಲ್ಲೇ ಬಹಳ ಮುಖ್ಯ ಅನ್ನಿಸುವ ಭಾಗ. ಸ್ವಲ್ಪ ನಿಧಾನವಾಗಿ ನೋಡೋಣ.

1850ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹೊಸ ಕಂಪನಿ ಕಾನೂನು ಬಂದಿತ್ತು. ಅದರ ಪ್ರಕಾರ ಕಂಪನಿ ಮುಳುಗಿದರೂ ಷೇರುದಾರ ತಾನು ಹಾಕಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ, ಮನೆ-ಮಠ ಹೋಗುವುದಿಲ್ಲ. 1 ಪೌಂಡಿನ ಷೇರುಗಳು ಬಂದವು. ಸಣ್ಣ ಉಳಿತಾಯ ಇದ್ದವರೂ ಕೊಳ್ಳಬಹುದಿತ್ತು. ಇದು ಒಳ್ಳೆಯ ಕಾನೂನು, ಇಂದಿಗೂ ಎಲ್ಲ ಕಡೆ ಇದೇ ನಡೆಯುತ್ತದೆ. ಆದರೆ ಸಾವಿರಾರು ಮೈಲಿ ದೂರದ ಬೆಟ್ಟದ ಕಲ್ಲಿನ ಮೇಲೆ, ಅದನ್ನು ಕಣ್ಣಲ್ಲೂ ನೋಡದೆ, ಹಣ ಹೂಡುವ ಬಾಗಿಲು ತೆರೆದದ್ದೂ ಇದೇ.

ಈಗ ಒಬ್ಬ ತೋಟದ ಮಾಲೀಕನನ್ನು ಕಲ್ಪಿಸಿಕೊಳ್ಳಿ. ಅವನ ಕಾಫಿ ಸತ್ತಿದೆ. ತೋಟದ ಮಧ್ಯೆ ಒಂದು ಬೆಣಚು ಬಂಡೆ ಇದೆ. ಒಬ್ಬ ದಲ್ಲಾಳಿ ಬಂದು ಆ ನೆಲವನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಾನೆ, ಅಥವಾ ಕೊಳ್ಳುವ ಹಕ್ಕು ಬರೆಸಿಕೊಳ್ಳುತ್ತಾನೆ. ಲಂಡನ್ನಿಗೆ ಹೋಗಿ ನಾಲ್ಕು ಜನರ ಜೊತೆ ಸೇರಿ ಒಂದು ಕಂಪನಿ ಮಾಡುತ್ತಾನೆ. ಹೆಸರುವಾಸಿ ಒಬ್ಬರನ್ನು, ನಿವೃತ್ತ ಸೇನಾಧಿಕಾರಿಯನ್ನೋ ದೊಡ್ಡ ಮನೆತನದವರನ್ನೋ, ನಿರ್ದೇಶಕರಾಗಿ ಕೂರಿಸುತ್ತಾನೆ. 1 ಲಕ್ಷ ಪೌಂಡ್ ಬಂಡವಾಳ ಎಂದು ಜಾಹೀರಾತು ಕೊಡುತ್ತಾನೆ. ಜನ ಷೇರು ಕೊಳ್ಳುತ್ತಾರೆ. ಕಂಪನಿ ಮಾಡುವ ಮೊದಲ ಕೆಲಸ ಅವನದೇ ನೆಲವನ್ನು ಕೊಳ್ಳುವುದು. ಅವನು ಕೊಟ್ಟ ಬೆಲೆಯ ಹಲವು ಪಟ್ಟಿಗೆ!

ಬಂದ ಹಣದ ಅರ್ಧ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ನೆಲದ ಬೆಲೆಯಾಗಿಯೇ ಹೋಗುತ್ತಿತ್ತು. ಒಂದು ಗುದ್ದಲಿ ನೆಲಕ್ಕೆ ಬೀಳುವ ಮೊದಲೇ ದಲ್ಲಾಳಿಗೆ ಲಾಭ ಸಿಕ್ಕಿಯಾಗಿತ್ತು. ಅಂದರೆ ಕಲ್ಲಿನಲ್ಲಿ ಚಿನ್ನ ಇರಲಿ ಬಿಡಲಿ, ಅವನಿಗೆ ಚಿಂತೆಯಿಲ್ಲ. ಗಣಿ ನಡೆಸಲು ಉಳಿದ ಹಣ ಯಂತ್ರಕ್ಕೆ, ಸಾಗಣೆಗೆ, ಬಂಗಲೆಗೆ, ಲಂಡನ್ ಕಚೇರಿಗೆ ಸಾಕಾಗುತ್ತಿತ್ತು. ಬಾವಿ ಆಳಕ್ಕೆ ಇಳಿಸಿ ರೀಫ್ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಸಾಕಾಗುತ್ತಿರಲಿಲ್ಲ.

ಗ್ಲೆನ್‌ರಾಕ್, ಇಂಡಿಯನ್ ಫೀನಿಕ್ಸ್, ದೇವಾಲ ಮೋಯಾರ್, ಹೀಗೆ ಒಂದೊಂದಾಗಿ ಕಂಪನಿಗಳು ಬಂದವು. ಕಾಫಿ ಸತ್ತ ನೆಲಕ್ಕೆ ಯಾರೂ ಕನಸಿನಲ್ಲೂ ನೆನೆಯದ ಬೆಲೆ ಬಂತು. ಪಂದಲೂರಿನಲ್ಲಿ ಹೋಟೆಲು, ಅಂಗಡಿ, ತಂತಿ ಕಚೇರಿ ಎದ್ದವು. ದೊಡ್ಡ ಗಣಿ ಪಟ್ಟಣ ಆಗುತ್ತದೆ ಎಂದೇ ಎಲ್ಲರೂ ನಂಬಿದ್ದರು. ಕೆಳಗಿನ ನಿಲಂಬೂರಿನಿಂದ ಘಾಟಿ ರಸ್ತೆಯಲ್ಲಿ ಎತ್ತಿನ ಗಾಡಿಗಳ ಮೇಲೆ ಕಬ್ಬಿಣದ ಯಂತ್ರದ ಭಾಗಗಳು ಬರತೊಡಗಿದವು. ಜೂನ್ ಬಂದರೆ ಆ ರಸ್ತೆ ಕೆಸರು. ಮಳೆ ಬಿಟ್ಟರೆ ಮಲೇರಿಯಾ. ವಯನಾಡಿನ ಜ್ವರ ಎಂದರೆ ಆಗ ಇಡೀ ದಕ್ಷಿಣದಲ್ಲಿ ಹೆದರುತ್ತಿದ್ದರು. ಬಂದ ಕೂಲಿಗಳಲ್ಲಿ ಎಷ್ಟೋ ಜನ ಹಾಸಿಗೆ ಹಿಡಿದರು.

ಗಣಿ ನೋಡಿಕೊಳ್ಳಲು ನೇಮಿಸಿದವರಲ್ಲಿ ಹಲವರು ನಿನ್ನೆವರೆಗೆ ಕಾಫಿ ತೋಟ ನೋಡುತ್ತಿದ್ದವರು. ಅವರಿಗೆ ಕಲ್ಲಿನ ಕೆಲಸ ಗೊತ್ತಿರಲಿಲ್ಲ. ಷೇರುದಾರರಿಗೆ ತೋರಿಸಲು ಯಂತ್ರ ಬೇಕಿತ್ತು, ಅದಕ್ಕೆ ರೀಫ್ ಎಷ್ಟು ಆಳ ಇದೆ ಎಂದು ತಿಳಿಯುವ ಮೊದಲೇ ಮಿಲ್ಲು ಕಟ್ಟಿದರು. ಕುಟ್ಟಲು ಭತ್ತ ಇದೆಯೋ ಇಲ್ಲವೋ ನೋಡದೆ ಊರಿಗೆಲ್ಲ ಒರಳು ತಂದಿಟ್ಟ ಹಾಗಾಯಿತು.

ಮೇಲ್ಮೈ ಹೇಳಿದ ಸುಳ್ಳು

ಕೊನೆಗೂ ಕೆಲವು ಮಿಲ್ಲುಗಳು ಕುಟ್ಟಲು ಶುರುಮಾಡಿದವು. ಸಿಕ್ಕ ಚಿನ್ನ ಟನ್ನಿಗೆ ಕೆಲವೇ ಗ್ರಾಂ. ಪರೀಕ್ಷೆಯಲ್ಲಿ ಹಾಗೆ ಹೊಳೆದ ಕಲ್ಲು ಮಿಲ್ಲಿನಲ್ಲಿ ಯಾಕೆ ಕೈಕೊಟ್ಟಿತು? ಇಲ್ಲಿ ಎರಡು ಸಂಗತಿ ಸೇರಿವೆ.

ಒಂದು, ಮಾದರಿ ಆರಿಸುವ ರೀತಿ. ಬೆಣಚುಕಲ್ಲಿನಲ್ಲಿ ಚಿನ್ನ ಒಂದೇ ಸಮನಾಗಿ ಹರಡಿರುವುದಿಲ್ಲ. ಒಂದು ಕಡೆ ಗೊಂಚಲು, ಹತ್ತಡಿ ಆಚೆ ಏನೂ ಇಲ್ಲ. ಮುಷ್ಟಿಯಷ್ಟು ಕಲ್ಲು ತೆಗೆದು ಪರೀಕ್ಷಿಸಿ, ಅದರ ಲೆಕ್ಕವನ್ನು ಇಡೀ ಬೆಟ್ಟಕ್ಕೆ ಹಾಕುವುದು ಅಪಾಯ. ಒಂದು ತೆಂಗಿನ ಮರದಲ್ಲಿ ಇನ್ನೂರು ಕಾಯಿ ಬಂತೆಂದು ಇಡೀ ತೋಟದ ಲೆಕ್ಕ ಹಾಕಿದ ಹಾಗೆ. ಕಣ್ಣಿಗೆ ಚೆನ್ನಾಗಿ ಕಾಣುವ ಕಲ್ಲಿಗೇ ಕೈ ಹೋಗುವುದು ಬೇರೆ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಆಳದ ಕಲ್ಲಿನಲ್ಲಿ ಚಿನ್ನ ಹೆಚ್ಚಾಗಿ ಪೈರೈಟ್ ಎಂಬ ಖನಿಜದ ಜೊತೆ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಸೇರಿದ, ಹಿತ್ತಾಳೆಯಂತೆ ಮಿಂಚುವ ಖನಿಜ ಅದು. ನೆಲದ ಮೇಲೆ, ಗಾಳಿ ಮಳೆ ತಾಗುವ ಕಡೆ, ಪೈರೈಟ್ ತುಕ್ಕು ಹಿಡಿದು ಕರಗಿ ಹೋಗುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅದು ಉಳಿಯುತ್ತದೆ. ಸಾವಿರಾರು ವರ್ಷ ಹೀಗೆ ಆಗಿ ಆಗಿ ಮೇಲಿನ ಕೆಲವು ಅಡಿಗಳಲ್ಲಿ ಚಿನ್ನ ಒಟ್ಟುಗೂಡುತ್ತದೆ. ಅದೂ ಬಿಡಿ ಚಿನ್ನ, ಪಾದರಸಕ್ಕೆ ಸುಲಭವಾಗಿ ಸಿಗುತ್ತದೆ. ವಯನಾಡಿನಂಥ ಮಳೆ ನಾಡಿನಲ್ಲಿ ಈ ಕೆಲಸ ಇನ್ನೂ ಜೋರು. ಬಾವಿ ಅಂತರ್ಜಲದ ಮಟ್ಟಕ್ಕೆ ಇಳಿದ ಕೂಡಲೇ ಪೈರೈಟ್ ಶುರು. ಅದರೊಳಗೆ ಸಿಕ್ಕಿಕೊಂಡ ಚಿನ್ನ ಪಾದರಸದ ಹಲಗೆಯ ಮೇಲೆ ಸುಮ್ನೆ ಹರಿದು ಹೋಗುತ್ತದೆ. ಇದ್ದದ್ದೂ ಕಡಿಮೆ, ಅದರಲ್ಲಿ ಸಿಕ್ಕಿದ್ದು ಇನ್ನೂ ಕಡಿಮೆ. ಇಂಥ ಚಿನ್ನವನ್ನು ಕರಗಿಸಿ ತೆಗೆಯುವ ಸೈನೈಡ್ ವಿಧಾನ ಬಂದದ್ದು 1887ರಲ್ಲಿ. ಅಷ್ಟರಲ್ಲಿ ವಯನಾಡಿನ ಆಟ ಮುಗಿದಿತ್ತು.

ಈಗ ಆ ಲೆಕ್ಕಕ್ಕೆ ಬರೋಣ. ಆ ಕಾಲದಲ್ಲಿ ಚಿನ್ನದ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪೌಂಡ್ ನಾಣ್ಯವನ್ನೇ ಇಷ್ಟು ಚಿನ್ನ ಎಂದು ಕಾನೂನು ಕಟ್ಟಿಹಾಕಿತ್ತು. ಔನ್ಸಿಗೆ, ಅಂದರೆ ಸುಮಾರು 31 ಗ್ರಾಂಗೆ, ಹತ್ತಿರ ಹತ್ತಿರ 4 ಪೌಂಡ್. ಇವತ್ತು ಚಿನ್ನದ ದರ ದಿನಾ ಪೇಪರಿನಲ್ಲಿ ನೋಡುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಗಣಿಯವನಿಗೆ ಇದರ ಅರ್ಥ ಬಹಳ ಕಠಿಣ. ದರ ಏರಿ ತನ್ನನ್ನು ಉಳಿಸೀತು ಎಂಬ ಆಸೆಯೇ ಇಲ್ಲ. ಕಲ್ಲಿನಲ್ಲಿ ಚಿನ್ನ ಜಾಸ್ತಿ ಇರಬೇಕು, ಇಲ್ಲವೇ ಖರ್ಚು ಕಡಿಮೆ ಇರಬೇಕು. ಮೂರನೇ ದಾರಿ ಇಲ್ಲ.

ಒಂದು ಟನ್ ಕಲ್ಲಿನಲ್ಲಿ 4.7 ಗ್ರಾಂ ಚಿನ್ನ ಸಿಕ್ಕಿತು ಎನ್ನಿ. ಅದು ಔನ್ಸಿನ ಇಪ್ಪತ್ತರಲ್ಲಿ ಮೂರು ಪಾಲು, ಅರ್ಧ ತೊಲಕ್ಕೂ ಕಡಿಮೆ. ಬೆಲೆ 12 ಶಿಲ್ಲಿಂಗ್. ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ರೂಪಾಯಿಗೆ ಆಗ ಸುಮಾರು 1 ಶಿಲ್ಲಿಂಗ್ 8 ಪೆನ್ನಿ ಇತ್ತು, ಅಂದರೆ 7 ರೂಪಾಯಿ ಚಿಲ್ಲರೆ. ಒಂದು ಟನ್ ಗಟ್ಟಿ ಕಲ್ಲನ್ನು ಸಿಡಿಸಿ, ಎತ್ತಿ, ಕುಟ್ಟಿ, ತೊಳೆದು, ಅದರ ಜೊತೆ ಯುರೋಪಿನ ಮ್ಯಾನೇಜರನ ಸಂಬಳ, ಬೆಟ್ಟ ಹತ್ತಿಸಿದ ಯಂತ್ರದ ವೆಚ್ಚ, ಲಂಡನ್ ಕಚೇರಿಯ ಬಾಡಿಗೆ, ನೆಲಕ್ಕೆ ಕೊಟ್ಟ ಆ ದೊಡ್ಡ ಬೆಲೆಯ ಮೇಲಿನ ಲಾಭಾಂಶ, ಎಲ್ಲ ಈ 7 ರೂಪಾಯಿಯಲ್ಲಿ ಆಗಬೇಕು. ಆಗಲಿಲ್ಲ.

1882ರ ಹೊತ್ತಿಗೆ ನಂಬಿಕೆ ಕುಸಿಯಿತು. ಷೇರು ಬೆಲೆ ಬಿತ್ತು. ಹೊಸ ಹಣ ಕೊಡುವವರಿಲ್ಲ. ಒಂದಾದ ಮೇಲೆ ಒಂದು ಕಂಪನಿ ಬಾಗಿಲು ಹಾಕಿತು. ಕೆಲವು ಕಡೆ ತಂದ ಒನಕೆಗಳು ಒಂದು ಕಲ್ಲನ್ನೂ ಕುಟ್ಟಲಿಲ್ಲ. ಆ 50 ಲಕ್ಷ ಪೌಂಡಿನಲ್ಲಿ ನಿಜವಾಗಿ ಬಂದ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಪಂದಲೂರಿನ ಕಟ್ಟಡಗಳನ್ನು ಮಳೆ ಮತ್ತು ಕಾಡು ವಾಪಸು ತೆಗೆದುಕೊಂಡವು. 1901ರಲ್ಲಿ ಭೂವಿಜ್ಞಾನಿಗಳಾದ ಹೇಡನ್ ಮತ್ತು ಹ್ಯಾಚ್ ಇಡೀ ಪ್ರದೇಶವನ್ನು ಮತ್ತೆ ಪರೀಕ್ಷಿಸಿದರು. ಲಾಭಕ್ಕೆ ಆಗುವಷ್ಟು ಚಿನ್ನ ಇಲ್ಲ ಎಂಬುದೇ ಅವರ ತೀರ್ಮಾನ. ಬೋಳಾದ ಕಾಫಿ ತೋಟಗಳಲ್ಲಿ ಆಮೇಲೆ ಚಹಾ ಬಂತು. ನಾವು ಈಗ ಕಿಟಕಿಯಿಂದ ನೋಡಿ ಚೆಂದ ಎನ್ನುವ ಹಸಿರು ಅದೇ.

13,000 ಪೌಂಡ್ ಉಳಿದಿದ್ದ ಕಂಪನಿ

ಇನ್ನು ಕೋಲಾರ. ಇಲ್ಲಿನ ಚಿನ್ನದ ಮಾತೂ ಹಳೆಯದು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಉರಿಗಾಂ, ಮಾರಿಕುಪ್ಪಂ ಕಡೆ ಜನ ಚಿನ್ನ ತೆಗೆಯುತ್ತಾರೆ ಎಂಬ ಸುದ್ದಿ ಸಿಕ್ಕಿತು. ಹೋಗಿ ನೋಡಿದರು. ಕಿರಿದಾದ ಗುಂಡಿಗಳಲ್ಲಿ ಗಂಡಸರು ಇಳಿದು ಕಲ್ಲು ಕಿತ್ತು ಕೊಡುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಎಲ್ಲ ಬಡವರು, ಹೆಚ್ಚಿನವರು ಊರಾಚೆ ಇರಿಸಲ್ಪಟ್ಟ ಜಾತಿಯವರು. ನೂರು ವರ್ಷ ಆದ ಮೇಲೆ ಅದೇ ನೆಲದಲ್ಲಿ ಮೈಲಿ ಆಳಕ್ಕೆ ಇಳಿದವರೂ ಅಂಥವರೇ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ವಾರನ್ ಬರೆದದ್ದನ್ನು ಮುಂದೆ ಮೈಕಲ್ ಲವೆಲ್ ಓದಿದರು. ಐರ್ಲೆಂಡಿನವರು, ನ್ಯೂಜಿಲೆಂಡಿನಲ್ಲಿ ಸೈನಿಕರಾಗಿದ್ದು ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದವರು. ಬೆಂಗಳೂರಿನ ಲವೆಲ್ ರಸ್ತೆ ಇವರದೇ ಹೆಸರು. 1875ರಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಗಣಿ ತೋಡಲು 20 ವರ್ಷದ ಪರವಾನಗಿ ಪಡೆದರು. ಕೈಯಲ್ಲಿ ಹಣ ಇರಲಿಲ್ಲ. 1877ರಲ್ಲಿ ಆ ಹಕ್ಕು ಮೇಜರ್ ಜನರಲ್ ಬೆರೆಸ್‌ಫೋರ್ಡ್ ಮತ್ತು ಗೆಳೆಯರ ಕೂಟಕ್ಕೆ ಹೋಯಿತು. ವಯನಾಡಿನ ಅಲೆ ಎದ್ದಾಗ ಕೋಲಾರದ ಹೆಸರಿನಲ್ಲೂ ಕಂಪನಿಗಳಾದವು. ಮೈಸೂರು ಮೈನ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಲ್ಲ ಆ ಕಾಲದ ಹೆಸರುಗಳೇ.

ಇವರ ಪಾಡೂ ಮೊದಲು ವಯನಾಡಿನ ಪಾಡೇ ಆಯಿತು. ಬಾವಿ ತೋಡಿದರು, ಚಿನ್ನ ಸಿಗಲಿಲ್ಲ. ವಯನಾಡು ಬಿದ್ದ ಸುದ್ದಿಗೆ ಇವರ ಷೇರೂ ಬಿತ್ತು. 1883ರ ಹೊತ್ತಿಗೆ ಹೆಚ್ಚಿನವರು ಕೆಲಸ ನಿಲ್ಲಿಸಿದ್ದರು. ಮೈಸೂರು ಮೈನ್ ಕಂಪನಿಯ ಕೈಯಲ್ಲಿ ಸುಮಾರು 13,000 ಪೌಂಡ್ ಉಳಿದಿತ್ತು. ಇದನ್ನು ಹಂಚಿಕೊಂಡು ಮನೆಗೆ ಹೋಗೋಣ ಎಂದು ಷೇರುದಾರರಲ್ಲಿ ಬಹಳ ಜನ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಎರಡು ವರ್ಷದಿಂದ ಅವರು ನೋಡಿದ್ದೆಲ್ಲ ನಷ್ಟವೇ.

ಕಂಪನಿಯ ಕೆಲಸ ನೋಡುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್. ಇವರು ಷೇರು ಮಾರುವವರಲ್ಲ, ತಲೆತಲಾಂತರದಿಂದ ಗಣಿ ನಡೆಸಿದ ಎಂಜಿನಿಯರುಗಳು. ಉಳಿದ ಹಣದಲ್ಲಿ ಇನ್ನೊಮ್ಮೆ ನೋಡೋಣ ಎಂದು ಟೇಲರ್ ಸಲಹೆ ಕೊಟ್ಟರು. ಕ್ಯಾಪ್ಟನ್ ಪ್ಲಮರ್ ಎಂಬ ಅನುಭವಿ ಗಣಿಗಾರರನ್ನು ಕಳಿಸಿದರು. ಗಣಿಯವರಲ್ಲಿ ಕ್ಯಾಪ್ಟನ್ ಎಂದರೆ ಸೈನ್ಯದವರಲ್ಲ, ಗಣಿ ಕೆಲಸದ ಮೇಸ್ತ್ರಿ.

ಪ್ಲಮರ್ ಹೊಸ ಜಾಗ ಹುಡುಕುತ್ತಾ ಹೋಗಲಿಲ್ಲ, ಹಿಂದಿನವರ ಹಳೇ ಗುಂಡಿಗಳ ಕಡೆ ನೋಡಿದರು. ಕೋಲಾರದಲ್ಲಿ ಅಂಥ ಹಳೇ ಗುಂಡಿಗಳು ಕೆಲವು ನೂರು ಅಡಿ ಆಳದವರೆಗೆ ಇದ್ದವು. ಪಂಪು, ಸಿಡಿಮದ್ದು ಇಲ್ಲದ ಕಾಲದಲ್ಲಿ ಬೆಂಕಿ ಹಾಕಿ ಕಲ್ಲು ಕಾಯಿಸಿ, ನೀರು ಹಾಕಿ ಬಿರಿಯಿಸಿ, ಕಬ್ಬಿಣದ ಉಳಿಯಲ್ಲಿ ಕೆತ್ತಿ ಅಷ್ಟು ಆಳ ಹೋಗಿದ್ದರು. ಅಷ್ಟು ಕಷ್ಟಪಟ್ಟು ಯಾರೂ ಸುಮ್ನೆ ತೋಡುವುದಿಲ್ಲ. ಅವರು ಚಿನ್ನದ ಬೆನ್ನು ಹಿಡಿದೇ ಇಳಿದಿದ್ದರು. ನೀರು ತುಂಬಿದಾಗ ನಿಲ್ಲಿಸಿದ್ದರು, ಚಿನ್ನ ಮುಗಿದಾಗ ಅಲ್ಲ. ಪ್ಲಮರ್ ಆ ಹಳೇ ಕೆಲಸದ ಕೆಳಗೆ ಹೋದರು. ಅಲ್ಲಿ ಚಾಂಪಿಯನ್ ರೀಫ್ ಸಿಕ್ಕಿತು.

1886ರಲ್ಲಿ ಕಂಪನಿ ಮೊದಲ ಲಾಭಾಂಶ ಕೊಟ್ಟಿತು. ಬಾಗಿಲು ಹಾಕಿದ್ದ ಅಕ್ಕಪಕ್ಕದ ಕಂಪನಿಗಳು ಮತ್ತೆ ತೆರೆದವು.

ಕೋಲಾರದ ಕಲ್ಲು ಯಾಕೆ ಬೇರೆ? ಇಲ್ಲಿನ ಶಿಲಾ ಪಟ್ಟಿ ಸುಮಾರು 80 ಕಿ.ಮೀ. ಉದ್ದ, ಅಗಲ ಕೆಲವೇ ಕಿ.ಮೀ., ವಯಸ್ಸು ಸುಮಾರು 270 ಕೋಟಿ ವರ್ಷ. ಚಾಂಪಿಯನ್ ರೀಫಿನಲ್ಲಿ ಪೈರೈಟ್ ಕಡಿಮೆ, ಬಿಡಿ ಚಿನ್ನ ಜಾಸ್ತಿ. ಪಾದರಸಕ್ಕೇ ಸಿಗುವ ಚಿನ್ನ. ಎಲ್ಲಕ್ಕಿಂತ ಮುಖ್ಯ, ಆಳಕ್ಕೆ ಹೋದಂತೆ ಅದು ಮಾಯವಾಗಲಿಲ್ಲ. ಮೊದಲ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ಮೀರಿ ಸಿಗುತ್ತಿತ್ತು. 47 ಗ್ರಾಂ ಎಂದು ಲೆಕ್ಕ ಹಿಡಿದರೆ ಟನ್ ಕಲ್ಲಿಗೆ 6 ಪೌಂಡ್. ವಯನಾಡಿನ 12 ಶಿಲ್ಲಿಂಗಿನ ಹತ್ತು ಪಟ್ಟು. ಆ 7 ರೂಪಾಯಿ ಇಲ್ಲಿ 70 ದಾಟಿತು.

ಆ 70 ರೂಪಾಯಿಯಲ್ಲಿ ಏನೇನೆಲ್ಲ ಆಯಿತು ನೋಡಿ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. ಸೈನೈಡ್ ಬಂದು ಪಾದರಸ ಬಿಟ್ಟ ಚಿನ್ನವನ್ನೂ ಹಿಡಿಯಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ತಂದರು, ಬೆಂಗಳೂರಿನ ಬೀದಿಗಳಿಗೆ ಬರುವ ಮೊದಲೇ. ದಿವಾನ್ ಶೇಷಾದ್ರಿ ಅಯ್ಯರ್ ಈ ಯೋಜನೆಗೆ ಕೈಹಾಕಲು ಧೈರ್ಯ ಬಂದದ್ದು ಕರೆಂಟಿಗೆ ದುಡ್ಡು ಕೊಡುವ ಗಣಿ ಇದ್ದದ್ದರಿಂದ. ಉತ್ಪಾದನೆಯ ಮೇಲೆ ಮೈಸೂರು ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು. 1905ರ ಸುಮಾರಿಗೆ ಗಣಿಗಳು ವರ್ಷಕ್ಕೆ 6 ಲಕ್ಷ ಔನ್ಸಿಗೂ ಜಾಸ್ತಿ ಚಿನ್ನ ಕೊಟ್ಟವು. ಅದೇ ತುದಿ.

ಚಿನ್ನ ಬಹುತೇಕ ಲಂಡನ್ನಿಗೆ ಹೋಯಿತು. ಕೆಳಗಿಳಿದವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ, ಕೋಲಾರದ ಹಳ್ಳಿಗಳಿಂದ ಬಂದವರು. ಬಿಸಿ, ಕಲ್ಲಿನ ಧೂಳು, ಇದ್ದಕ್ಕಿದ್ದಂತೆ ಗೋಡೆಯೇ ಸಿಡಿಯುವ ರಾಕ್ ಬರ್ಸ್ಟ್. ಧೂಳು ಕುಡಿದ ಶ್ವಾಸಕೋಶ ಹೊತ್ತು ಮನೆಗೆ ಹೋದವರು ಎಷ್ಟೋ ಮಂದಿ. ಮೇಲಿನ ಲೆಕ್ಕದಲ್ಲಿ ಖರ್ಚು ಎಂದು ನಾನು ಬರೆದ ಸಾಲಿನಲ್ಲಿ ಅವರ ಕೂಲಿ ಇದೆ. ಅವರ ಶ್ವಾಸಕೋಶ ಯಾವ ಕಂಪನಿಯ ಲೆಕ್ಕದಲ್ಲೂ ಇರಲಿಲ್ಲ.

ಇಳಿಕೆ ನಿಧಾನವಾಗಿ ಬಂತು. ಪ್ರತಿ ವರ್ಷ ಬಾವಿ ಇನ್ನಷ್ಟು ಆಳ. ಕಲ್ಲು ಎತ್ತುವ ಹಗ್ಗ ಇನ್ನಷ್ಟು ಉದ್ದ. ಗಾಳಿ ತಂಪು ಮಾಡುವ ಖರ್ಚು ಜಾಸ್ತಿ. ಕಲ್ಲಿನಲ್ಲಿ ಚಿನ್ನ ಕಡಿಮೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ಮೀರಿ ಇಳಿದಿತ್ತು. 120 ವರ್ಷಗಳಲ್ಲಿ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು.

2001ರ ಫೆಬ್ರವರಿ 28ರಂದು ಗಣಿ ನಿಂತಾಗ ಮೇಲೆ ಬರುತ್ತಿದ್ದ ಕಲ್ಲಿನಲ್ಲಿ ಟನ್ನಿಗೆ ಸಿಗುತ್ತಿದ್ದದ್ದು 3 ಗ್ರಾಂ ಆಸುಪಾಸು. ದೇವಾಲದ ಮಿಲ್ಲುಗಳು 1882ರಲ್ಲಿ ಕುಟ್ಟುವುದನ್ನು ನಿಲ್ಲಿಸಿದಾಗ ಅಲ್ಲಿನ ಕಲ್ಲು ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.